ಅಟ್ಟದ ಮೇಲಿನ ಬರಹಗಳು

2023ರ ಜುಲೈ, ಒಂದು ಭಾನುವಾರ. ಮಳೆ ಸ್ವಲ್ಪ ಬಿಟ್ಟಿತ್ತು ಅಂತ ಮಹಡಿ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಮಿಸ್, ನಾನು" ಅಂದಳು. ಹಳೇ ವಿದ್ಯಾರ್ಥಿಗಳದ್ದು ಇದೊಂದು ಅಭ್ಯಾಸ. ಹತ್ತು ವರ್ಷ ಬಿಟ್ಟು ಫೋನ್ ಮಾಡಿದರೂ ಹೆಸರು ಹೇಳುವುದಿಲ್ಲ, ನಾವೇ ದನಿಯಲ್ಲಿ ಗುರುತು ಹಿಡಿಯಬೇಕು. ನಾನು ಹಿಡಿದೆ. 2013ರಲ್ಲಿ ಎಂಟನೇ ಕ್ಲಾಸು, ಎರಡನೇ ಬೆಂಚು, ಗೋಡೆ ಪಕ್ಕ.

ಕುಶಲೋಪರಿ ಎಲ್ಲಾ ಆಯಿತು. ತುಮಕೂರಿನಲ್ಲಿ ಕೆಲಸ ಮಾಡುತ್ತಿದ್ದಾಳಂತೆ. ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋಗಿದ್ದಾರಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು. "ಮಿಸ್, ಆ ಹುಡುಗನ ತಂಗಿ ನನ್ನ ಹೆಸರು, ನಮ್ಮೂರಿನ ಹೆಸರು ಕನ್ನಡದಲ್ಲಿ ಹಾಕಿ ಹುಡುಕಿದ್ದಾಳೆ. ನಮ್ಮ ಸ್ಕೂಲ್ ಬ್ಲಾಗ್ ಬಂದಿದೆ. ಅಪ್ಪನ ಬಗ್ಗೆ ಬರೆದಿದ್ನಲ್ಲ, ಅದು. ತೆಗೀತೀರಾ?"

"ಅಯ್ಯೋ, ಈಗಲೇ ತೆಗೀತೀನಿ ಕಣೇ" ಅಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು. ತೆಗೆಯುವುದು ನನ್ನ ಕೈಯಲ್ಲಿಲ್ಲ. ಆ ಬ್ಲಾಗಿನ ಪಾಸ್‌ವರ್ಡ್ ನನ್ನ ಹತ್ತಿರ ಇಲ್ಲ. ಯಾರ ಹತ್ತಿರವೂ ಇಲ್ಲ.

ಅವಳು ಬರೆದದ್ದು ಒಂದೇ ಪುಟ. ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ. ಅವಳಪ್ಪನ ಹತ್ತಿರ ಒಂದು ಟಿವಿಎಸ್ ಗಾಡಿ. ಸಂಜೆ ಅದರ ಸದ್ದು ಬಾಗಿಲ ತನಕ ಬಂದರೆ ಅಪ್ಪ ಕುಡಿದಿಲ್ಲ ಅಂತ ಅರ್ಥ. ಸದ್ದು ಹುಣಸೆಮರದ ಹತ್ತಿರವೇ ನಿಂತುಬಿಟ್ಟರೆ ಕುಡಿದಿದ್ದಾನೆ, ಗಾಡಿ ತಳ್ಳಿಕೊಂಡು ಬರುತ್ತಿದ್ದಾನೆ. ಆ ದಿನ ಅಮ್ಮ ಕೋಳಿಗಳನ್ನು ಬೇಗ ಮಂಕರಿ ಒಳಗೆ ಮುಚ್ಚುತ್ತಾಳೆ. ತಮ್ಮ ಪುಸ್ತಕ ತೆಗೆದುಕೊಂಡು ಅಜ್ಜಿ ಮನೆಗೆ ಹೋಗುತ್ತಾನೆ. "ನಾನು ಹುಣಸೆಮರದ ಕಡೆಗೆ ಕಿವಿ ಕೊಟ್ಟುಕೊಂಡೇ ಲೆಕ್ಕ ಮಾಡುತ್ತೇನೆ" ಅಂತ ಮುಗಿಸಿದ್ದಳು. 'ನಮ್ಮ ಮನೆಯ ಸಂಜೆ' ಅಂತ ನಾನೇ ಕೊಟ್ಟ ವಿಷಯ. ಉಳಿದ ಮೂವತ್ತೆಂಟು ಜನ ದೀಪ ಹಚ್ಚಿ ಕೈಮುಗಿದು ಓದಲು ಕೂತಿದ್ದರು. ಇವಳೊಬ್ಬಳು ನಿಜ ಬರೆದಿದ್ದಳು. ನನಗೋ ಖುಷಿ. ಪೂರ್ತಿ ಹೆಸರು, ತರಗತಿ, ಊರು ಎಲ್ಲಾ ಹಾಕಿ ಬ್ಲಾಗಿಗೆ ಏರಿಸಿದೆ. ಅವಳನ್ನು ಕೇಳಿದ್ದೆನಾ ಅಂದರೆ, ಕೇಳಿದ್ದೆ. "ಹಾಕಲೇನೇ?" "ಹಾಕಿ ಮಿಸ್." ಹದಿಮೂರು ವರ್ಷದ ಹುಡುಗಿ ಮೇಷ್ಟ್ರ ಮುಂದೆ ಇನ್ನೇನು ಹೇಳುತ್ತಾಳೆ?

ಕಂಪ್ಯೂಟರ್ ಸರ್ ತೆರೆದ ಮನೆ

ಆ ಕಾಲದ ಸರ್ಕಾರಿ ಹೈಸ್ಕೂಲಿನ ಕಂಪ್ಯೂಟರ್ ರೂಮ್ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಚಪ್ಪಲಿ ಹೊರಗೆ ಬಿಡಬೇಕು. ಹತ್ತು ಮಾನಿಟರುಗಳ ಮೇಲೆ ಹೂವಿನ ಬಟ್ಟೆಯ ಹೊದಿಕೆ. ಕರೆಂಟ್ ಹೋದರೆ ಯುಪಿಎಸ್ಸು ಕೀಂಯ್ ಅಂತ ಕೂಗಿ ಸುಮ್ಮನಾಗುತ್ತದೆ. ಗುತ್ತಿಗೆ ಮೇಲೆ ಬಂದ ಒಬ್ಬ ಹುಡುಗ ಅಲ್ಲಿಗೆ ಮೇಷ್ಟ್ರು. ಅವನನ್ನು ನಾವೆಲ್ಲಾ ಕಂಪ್ಯೂಟರ್ ಸರ್ ಅನ್ನುತ್ತಿದ್ದೆವು. ಬ್ಲಾಗ್ ಮಾಡೋಣ ಮೇಡಂ, ಫ್ರೀ ಇದೆ ಅಂದವನೇ ಅವನು. ಅವನೇ ಒಂದು ಜಿಮೇಲ್ ಐಡಿ ಮಾಡಿ, ಗೂಗಲ್‌ನವರ ಬ್ಲಾಗರ್‌ನಲ್ಲಿ ಸ್ಕೂಲ್ ಹೆಸರಿನ ಬ್ಲಾಗ್ ತೆರೆದ. ನಾನು ಬರಹ ತಿದ್ದಿ ಕೊಡುವುದು, ಅವನು ಹಾಕುವುದು. ಮೊದಲ ತಿಂಗಳು ಮಕ್ಕಳು 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿಬಿಟ್ಟಿದ್ದ. ಲ್ಯಾಬಿನ ವರ್ಡ್ ಫೈಲಿನಲ್ಲಿ ಮುದ್ದಾದ ಕನ್ನಡ, ಬ್ಲಾಗಿನಲ್ಲಿ ನೋಡಿದರೆ ತಲೆಬುಡವಿಲ್ಲದ ಚಿಹ್ನೆಗಳು. ಫಾಂಟು ಬೇರೆ, ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಬೇರೆ ಅಂತ ನಮಗೆ ಗೊತ್ತಾಗಿದ್ದೇ ಅವತ್ತು. ಆಮೇಲೆ ಅಷ್ಟನ್ನೂ ಮತ್ತೆ ಟೈಪ್ ಮಾಡಿಸಿದೆವು. ಬೈದುಕೊಳ್ಳುತ್ತಲೇ ಮಾಡಿದರು ಪಾಪ.

ಮೂರು ವರ್ಷ ಹೀಗೇ ನಡೆಯಿತು. ನೂರ ನಲವತ್ತು ಚಿಲ್ಲರೆ ಬರಹಗಳಾದವು. 2016ರಲ್ಲಿ ಅವನ ಗುತ್ತಿಗೆ ಮುಗಿಯಿತು. ಕೊನೇ ದಿನ ಟೀಚರ್ಸ್ ರೂಮಿನಲ್ಲಿ ಉಪ್ಪಿಟ್ಟು, ಶಾಲು, ಹಾರ. ಲ್ಯಾಬಿನ ಬೀಗದ ಕೀಲಿಯನ್ನು ಎಚ್.ಎಂ. ಕೈಗೆ ಕೊಟ್ಟು ಸಹಿ ಹಾಕಿ ಹೋದ. ಇನ್ನೊಂದು ಕೀಲಿಯನ್ನು ನಾವು ಕೇಳಲಿಲ್ಲ, ಅವನಿಗೂ ಕೊಡಬೇಕು ಅಂತ ಹೊಳೆಯಲಿಲ್ಲ. ನಮ್ಮ ಸ್ಕೂಲಿನಲ್ಲಿ ಚಾರ್ಜ್ ಪಟ್ಟಿ ಬರೆಯುವಾಗ ಎಷ್ಟು ಕಟ್ಟುನಿಟ್ಟು ಅಂತೀರಿ. ಗ್ಲೋಬು ಎರಡು, ಅದರಲ್ಲಿ ಒಡೆದದ್ದು ಒಂದು. ಭೂಪಟ ಏಳು. ಕೈಗಂಟೆ ಒಂದು, ನಾಲಿಗೆ ಇಲ್ಲ. ಮಕ್ಕಳ ನೂರ ನಲವತ್ತು ಬರಹ ಆ ಪಟ್ಟಿಯಲ್ಲಿ ಎಲ್ಲಿ ಬರಬೇಕು?

ಜೂನ್‌ನಲ್ಲಿ ಹೊಸ ಬರಹ ಹಾಕಲು ಕೂತಾಗ ಗೊತ್ತಾಯಿತು, ಒಳಗೆ ಹೋಗಲು ದಾರಿಯಿಲ್ಲ. ಫೋನ್ ಮಾಡಿದರೆ ಅವನ ನಂಬರ್ ಚಾಲ್ತಿಯಲ್ಲಿಲ್ಲ. ಸರಿ, ನಾನೇ ಸ್ಕೂಲಿನ ಮೇಲ್‌ನಲ್ಲಿ ಬೇರೆ ಬ್ಲಾಗ್ ತೆರೆದೆ. ಹಳೆಯದು ಅಲ್ಲೇ ನಿಂತಿತು. ಯಾರು ಬೇಕಾದರೂ ಓದಬಹುದು, ಯಾರೂ ಒಂದು ಕೊಂಬು ತಿದ್ದಲಾಗದು.

ಗೋಡೆ ಪತ್ರಿಕೆಗೆ ಇದ್ದ ಸುಖ

ಅದಕ್ಕೂ ಮುಂಚೆ ಸುಮಾರು ವರ್ಷ ಗೋಡೆ ಪತ್ರಿಕೆ ಮಾಡಿಸುತ್ತಿದ್ದೆ. ಡ್ರಾಯಿಂಗ್ ಶೀಟು, ಗೋಂದು, ಸ್ಕೆಚ್ ಪೆನ್ನು. ಆಫೀಸ್ ರೂಮಿನ ಪಕ್ಕದ ಗೋಡೆಗೆ ತಿಂಗಳಿಗೊಮ್ಮೆ ಅಂಟಿಸುವುದು. ತಿಂಗಳಾದ ಮೇಲೆ ಕಿತ್ತು, ಯಾರದ್ದು ಅವರಿಗೆ ಕೊಟ್ಟುಬಿಡುತ್ತಿದ್ದೆ. ಕೆಲವು ಮನೆಗೆ ಹೋಗಿ ಟ್ರಂಕು ಸೇರಿದವು. ಕೆಲವು ಕಡಲೆಪುರಿ ಕಟ್ಟಲು ಆದವು. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಬಣ್ಣ ಇಳಿದು ತಾನಾಗಿಯೇ ಅಳಿಸಿಹೋಗುತ್ತಿದ್ದದ್ದೂ ಉಂಟು. ಆಗ ನನಗೆ ಬೇಜಾರಾಗುತ್ತಿತ್ತು. ಎಷ್ಟು ಚೆನ್ನಾಗಿ ಬರೆದಿದ್ದರು, ಉಳಿಯಲಿಲ್ಲವಲ್ಲ ಅಂತ. ಬ್ಲಾಗ್ ಬಂದಾಗ ನಾನು ಕುಣಿದಾಡಿದ್ದು ಅದಕ್ಕೇ. ಇನ್ನು ಮಳೆಗೆ ನೆನೆಯುವುದಿಲ್ಲ!

ಮಕ್ಕಳ ಬರಹವನ್ನು ಅಚ್ಚು ಮಾಡಿಸಿ ಹೊರಗೆ ಕಳಿಸುವ ಹುಚ್ಚು ಹೊಸದೇನಲ್ಲ. ಫ್ರಾನ್ಸಿನ ದಕ್ಷಿಣದ ಬಾರ್-ಸುರ್-ಲೂ ಅನ್ನುವ ಹಳ್ಳಿಯಲ್ಲಿ ಸೆಲೆಸ್ತೆಂ ಫ್ರೆನೆ ಅನ್ನುವ ಮೇಷ್ಟ್ರಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿತ್ತು, ಜಾಸ್ತಿ ಹೊತ್ತು ಗಟ್ಟಿಯಾಗಿ ಪಾಠ ಹೇಳಲು ಆಗುತ್ತಿರಲಿಲ್ಲ. 1924ರ ಹೊತ್ತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದು ಕ್ಲಾಸಿನಲ್ಲೇ ಇಟ್ಟರು. ಮಕ್ಕಳು ಬರೆಯುವುದು, ಮೊಳೆ ಜೋಡಿಸುವುದು, ಅಚ್ಚು ಹಾಕಿ ಫ್ರಾನ್ಸಿನದೇ ದೂರದ ಬ್ರಿಟನಿ ಪ್ರಾಂತ್ಯದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳಿಸುವುದು. ಅಲ್ಲಿನ ಮಕ್ಕಳು ತಮ್ಮದನ್ನು ಇಲ್ಲಿಗೆ ಕಳಿಸುವುದು. ಇದನ್ನು ಯಾವುದೋ ತರಬೇತಿಯಲ್ಲಿ ಮೊದಲ ಸಲ ಕೇಳಿದಾಗ ಅರೆ, ನಮ್ಮದೇ ಬ್ಲಾಗು ಅನ್ನಿಸಿತ್ತು. ಈಗ ಯೋಚಿಸಿದರೆ ಅವರದು ಗೋಡೆ ಪತ್ರಿಕೆಯ ಜಾತಿಯೇ. ಆ ಹಾಳೆಗಳನ್ನು ಓದಿದವರು ಎಷ್ಟು ಜನ, ಯಾರು ಅಂತ ಮೇಷ್ಟ್ರಿಗೆ ಗೊತ್ತಿತ್ತು. ಒಬ್ಬ ಹುಡುಗಿಯ ಮನೆಯ ಗುಟ್ಟನ್ನು ಹತ್ತು ವರ್ಷ ಬಿಟ್ಟು ಬೀಗರು ತೆಗೆದು ಓದುವ ಭಯ ಇರಲಿಲ್ಲ.

ಇನ್ನೊಂದು ತಮಾಷೆ ನೋಡಿ. ಇಂಗ್ಲಿಷಿನಲ್ಲಾಗಿದ್ದರೆ ಆ ಹುಡುಗಿಯ ಬರಹ ಸಾವಿರ ಪುಟಗಳ ಕೆಳಗೆ ಹೂತುಹೋಗಿರುತ್ತಿತ್ತು. ಕನ್ನಡದಲ್ಲಿ ಒಂದು ಹಳ್ಳಿಯ ಹೆಸರು ಹಾಕಿ ಹುಡುಕಿದರೆ ಸಿಗುವುದೇ ನಾಲ್ಕು ಪುಟ. ಪಿನ್‌ಕೋಡ್, ಮತದಾರರ ಪಟ್ಟಿ, ಒಂದು ಅಪಘಾತದ ಸುದ್ದಿ, ಆಮೇಲೆ ನಮ್ಮ ಎಂಟನೇ ಕ್ಲಾಸು. ಕನ್ನಡದಲ್ಲಿ ಜಾಸ್ತಿ ಬರೀರಿ, ಅಂತರ್ಜಾಲದಲ್ಲಿ ಕನ್ನಡ ಬೆಳೆಸಿ ಅಂತ ಮಕ್ಕಳಿಗೆ ಭಾಷಣ ಮಾಡಿದವಳು ನಾನೇ.

ಅಣ್ಣ ಬರೆದದ್ದು ಸುಳ್ಳು

ಹಾಗಾದರೆ ಪ್ರತಿ ಏಪ್ರಿಲ್‌ನಲ್ಲಿ ಎಲ್ಲಾ ಅಳಿಸಿ, ಜೂನ್‌ನಲ್ಲಿ ಹೊಸದಾಗಿ ಶುರು ಮಾಡಿದರೆ ಆಗಲ್ವಾ? ಮಾಡಿ ನೋಡಿದ್ದೇನೆ. ಹೊಸ ಬ್ಲಾಗಿನ ಮೊದಲ ವರ್ಷ ಮುಗಿದ ಮೇಲೆ ಎಲ್ಲವನ್ನೂ ಹೊರಗಿನವರಿಗೆ ಕಾಣದ ಡ್ರಾಫ್ಟಿಗೆ ತಳ್ಳಿ ಖಾಲಿ ಮಾಡಿದೆ. ಎಂಟನೇ ಕ್ಲಾಸಿನ ಹೊಸ ಮಕ್ಕಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಖಾಲಿ ಬ್ಲಾಗ್ ತೋರಿಸಿ, ಬರೀರಪ್ಪಾ ಅಂದೆ. ಏನು ಬರೆಯಬೇಕು ಮಿಸ್ ಅಂದರು. ನಿಮಗೆ ಅನ್ನಿಸಿದ್ದು ಅಂದೆ. ನಲವತ್ತು ಜನ ಸೇರಿ 'ನನ್ನ ಕನಸಿನ ಭಾರತ' ಬರೆದುಕೊಟ್ಟರು. ಗೈಡ್ ನೋಡಿಕೊಂಡು.

ಮಾರನೇ ವಾರ ಏನಾದರಾಗಲಿ ಅಂತ ಹಿಂದಿನ ವರ್ಷದ ಐದಾರು ಬರಹ ಮತ್ತೆ ತೆರೆದು ಓದಿಸಿದೆ. ಅದರಲ್ಲೊಂದು ಕೊಬ್ಬರಿ ಅಟ್ಟದ್ದು. ತಿಪಟೂರು ಸೀಮೆಯ ಮನೆಗಳಲ್ಲಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಕೆಳಗಿನ ಒಲೆಯ ಬಿಸಿ, ಹೊಗೆ ತಾಗುತ್ತಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗಿಟುಕಾಗುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಕ್ ಲೊಟಕ್ ಅನ್ನುತ್ತದೆ. ಆ ಹುಡುಗ ಬರೆದಿದ್ದ: ನಮ್ಮ ತಾತ ರಾತ್ರಿ ಅಟ್ಟದ ಸದ್ದು ಕೇಳಿಯೇ ಇಲಿ ಯಾವ ಮೂಲೆಯಲ್ಲಿದೆ ಅಂತ ಹೇಳುತ್ತಾರೆ, ಈ ವರ್ಷ ಇಲಿ ಹನ್ನೊಂದು ಗಿಟುಕು ತಿಂದಿದೆ.

ನಾನು ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಬರೆದವನ ತಮ್ಮ. ಮುಖ ಕೆಂಪಾಗಿತ್ತು.

"ಮಿಸ್, ಇದು ಸುಳ್ಳು. ಇಲಿ ಅಲ್ಲ. ಅಣ್ಣನೇ ತಿಂದಿದ್ದು. ಮಟ್ಟೆನ ನೀರೊಲೆಗೆ ಹಾಕ್ಬುಟ್ಟ. ಬಯ್ಸ್ಕಂಡಿದ್ದು ನಾನು."

ಇಡೀ ಕ್ಲಾಸು ಹೋ ಅಂತ ನಕ್ಕಿತು. ಅವನು ಕೂರಲಿಲ್ಲ. "ಇದನ್ನೂ ಬರೀಬೋದಾ?" ಅಂದ. ಬರಿ ಮಾರಾಯ ಅಂದೆ. ಒಂದೂವರೆ ಪುಟ ಬರೆದ. ಯಾವತ್ತು, ಎಷ್ಟು ಗಂಟೆಗೆ, ಏಣಿ ಯಾರು ಹಿಡಿದಿದ್ದು (ಅವನೇ ಹಿಡಿದಿದ್ದ, ಪಾಲು ಅರ್ಧ ಗಿಟುಕು), ತಾತ ಯಾವ ಕೋಲಿನಿಂದ ಹೊಡೆದರು, ಎಲ್ಲಾ. ಕಾಗುಣಿತ ಅಧ್ವಾನ. ಆದರೆ ಆ ವರ್ಷ ನನ್ನ ಕ್ಲಾಸು ಬರೆಯಲು ಶುರು ಮಾಡಿದ್ದೇ ಅಲ್ಲಿಂದ. ಒಬ್ಬಳು ತನ್ನ ಅಕ್ಕನ ಸೈಕಲ್ ಬರಹ ಹುಡುಕಿ, ಆ ಸೈಕಲ್ಲಿಗೆ ಬ್ರೇಕ್ ಇರಲಿಲ್ಲ, ಅದನ್ನು ಬರೆದೇ ಇಲ್ಲ ಅಂತ ಬರೆದಳು. ಇನ್ನೊಬ್ಬ ಅದೇ ಕೆರೆ ಕೋಡಿ ಬಿದ್ದದ್ದನ್ನು ಆಚೆ ದಡದಿಂದ ಬರೆದ.

ಮಕ್ಕಳು ಮೇಷ್ಟ್ರಿಗಾಗಿ ಬರೆಯುವಾಗ ದೀಪ ಹಚ್ಚಿ ಕೈಮುಗಿಯುತ್ತಾರೆ. ಹಿಂದಿನ ವರ್ಷದವರಿಗೆ ಉತ್ತರ ಕೊಡಲು ಬರೆಯುವಾಗ ಏಣಿ ಹಿಡಿದದ್ದನ್ನೂ ಹೇಳುತ್ತಾರೆ. ಆ ಹಿಂದಿನ ವರ್ಷ ಅಲ್ಲಿರಬೇಕು, ಅಷ್ಟೆ. ಅವತ್ತಿನಿಂದ ಖಾಲಿ ಮಾಡುವ ಯೋಚನೆ ಬಿಟ್ಟೆ. ಒಂದೇ ಬ್ಲಾಗು, ವರ್ಷಕ್ಕೊಂದು ಲೇಬಲ್. 2016-17, 2017-18, ಹೀಗೆ. ಹೈಸ್ಕೂಲಿನಲ್ಲಿ ಮಕ್ಕಳು ಇರುವುದೇ ಮೂರು ವರ್ಷ. ಅಣ್ಣ ಹತ್ತನೇ ಕ್ಲಾಸು ಮುಗಿಸಿ ಹೋಗುವಾಗ ತಮ್ಮ ಎಂಟಕ್ಕೆ ಬಂದಿರುತ್ತಾನೆ.

(2020-21ರ ಲೇಬಲ್ ತೆರೆದರೆ ಬರೀ ಫೋಟೋಗಳು. ಶಾಲೆ ಮುಚ್ಚಿತ್ತಲ್ಲ. ವಾಟ್ಸಾಪ್‌ನಲ್ಲಿ ಬಂದ ನೋಟ್‌ಬುಕ್ ಹಾಳೆಗಳು, ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳು, ಒಂದರಲ್ಲಿ ಕುರಿಮರಿ ಬಾಲ. ಅವನ್ನು ಟೈಪ್ ಮಾಡಿಸಲು ನನಗೆ ಇವತ್ತಿಗೂ ಮನಸ್ಸಾಗಿಲ್ಲ. ಈಚಿನ ವರ್ಷಗಳದ್ದು ಬೇರೆಯೇ ಕಥೆ. ಫೋನಿಗೆ ಹೇಳಿ ಬರೆಸಿಕೊಂಡು ಬರುತ್ತಾರೆ. ತೆಂಗಿನ ಬಗ್ಗೆ ಬರಿ ಅಂದರೆ 'ಕಲ್ಪವೃಕ್ಷವು ಪ್ರಕೃತಿಯ ಅಮೂಲ್ಯ ಕೊಡುಗೆ' ಅಂತ ಶುರುವಾಗುತ್ತದೆ. ಕಾಗುಣಿತ ಒಂದೂ ತಪ್ಪಿಲ್ಲ. ಗೈಡಿನ ವಂಶ ಮುಗಿದಿಲ್ಲ, ಹೊಸ ಅಂಗಿ ಹಾಕಿಕೊಂಡು ಬಂದಿದೆ.)

ಡಿಸೆಂಬರ್ ಒಳಗೆ

ಮತ್ತೆ ಆ ಫೋನಿಗೆ ಬರುತ್ತೇನೆ. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ತೆಗೆದುಹಾಕುತ್ತೇವೆ, ಡಿಸೆಂಬರ್‌ನಿಂದ ಶುರು ಅಂತ ಗೂಗಲ್ ಅದೇ ವರ್ಷ ಮೇ ತಿಂಗಳಲ್ಲಿ ಹೇಳಿತ್ತು. ಅದನ್ನು ಓದಿದಾಗ ಮೊದಲು ನೆಮ್ಮದಿಯೇ ಆಯಿತು. ಸುಮ್ನೆ ಕೂತರೂ ಸಾಕು, ಆ ಖಾತೆ ಹೋಗುತ್ತೆ, ಜೊತೆಗೆ ಬ್ಲಾಗೂ ಹೋಗಬಹುದು, ಹುಡುಗಿಯ ತಾಪತ್ರಯ ಮುಗಿಯುತ್ತೆ. ರಾತ್ರಿ ಮಲಗಿದ ಮೇಲೆ ಉಳಿದ ನೂರ ನಲವತ್ತು ನೆನಪಿಗೆ ಬಂದವು. ಅದರಲ್ಲಿ ಒಬ್ಬ ಹುಡುಗ ಈಗ ಇಲ್ಲ. ಬೈಕ್ ಅಪಘಾತ. ಅವನಮ್ಮ ವರ್ಷಕ್ಕೊಮ್ಮೆ ಮಗಳ ಫೋನಿನಲ್ಲಿ ಅವನು ಬರೆದ ಜಾತ್ರೆಯ ಪುಟ ತೆಗೆಸಿ ಓದಿಸಿಕೊಳ್ಳುತ್ತಾರೆ, ನನಗೇ ಹೇಳಿದ್ದಾರೆ. ಒಂದು ಅಳಿಯಬೇಕು, ಒಂದು ಉಳಿಯಬೇಕು. ಎರಡಕ್ಕೂ ಅದೇ ಕೀಲಿ.

ಕಂಪ್ಯೂಟರ್ ಸರ್‌ನನ್ನು ಹುಡುಕಲು ಎರಡು ತಿಂಗಳು ಹಿಡಿಯಿತು. ಅವನ ಜೊತೆ ಬಾಡಿಗೆ ರೂಮಿನಲ್ಲಿದ್ದ ಪಿ.ಟಿ. ಮಾಸ್ತರು, ಅವರಿಂದ ಒಬ್ಬ ಎಲ್‌ಐಸಿ ಏಜೆಂಟು, ಅವರಿಂದ ಅವನ ಭಾವ. ಅರಸೀಕೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ ಅಂತ ಗೊತ್ತಾಯಿತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ರೈಲು ಹತ್ತಿದೆ. ಹೊಟ್ಟೆ ಬಂದಿದೆ, ಉಳಿದಂತೆ ಅದೇ ಹುಡುಗ. "ಮೇಡಂ ನೀವಾ!" ಅಂತ ಸ್ಟೂಲು ಒರೆಸಿ ಕೂರಿಸಿದ. ಪಾಸ್‌ವರ್ಡ್ ನೆನಪಿಲ್ಲ. ಆ ಸಿಮ್ ಎಸೆದು ಆರೇಳು ವರ್ಷ. ಖಾತೆಗೆ ಇನ್ನೊಂದು ಮೇಲ್ ಐಡಿ ಕೊಟ್ಟಿರಬಹುದು ನೋಡೋ ಅಂದೆ. ಅವನ ಸ್ವಂತ ಮೇಲ್ ತೆರೆದು ಹುಡುಕಿದ. ಅಲ್ಲೇ ಇತ್ತು, ನಿಮ್ಮ ಖಾತೆ ಬಹಳ ದಿನದಿಂದ ಬಳಕೆಯಲ್ಲಿಲ್ಲ ಅನ್ನುವ ಗೂಗಲ್‌ನ ಎಚ್ಚರಿಕೆ. ಇದನ್ನ ಜಾಹೀರಾತು ಅಂದುಕೊಂಡಿದ್ದೆ ಮೇಡಂ ಅಂದ.

ಒಳಗೆ ಹೋದೆವು. ಏಳು ವರ್ಷ ಬೀಗ ಹಾಕಿದ್ದ ಮನೆ. ಒಪ್ಪಿಗೆಗೆ ಕಾದು ಕೂತಿದ್ದ ಕಾಮೆಂಟುಗಳೇ ಮುನ್ನೂರಕ್ಕೆ ಹತ್ತಿರ. ಅರ್ಧ ಸಾಲ ಕೊಡುವವರದ್ದು. ಮೊದಲು ನನ್ನನ್ನು, ಸ್ಕೂಲಿನ ಮೇಲ್ ಅನ್ನು ಅಡ್ಮಿನ್ ಮಾಡಿಸಿಕೊಂಡೆ. ಇಡೀ ಬ್ಲಾಗಿನ ಬ್ಯಾಕಪ್ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಆಮೇಲೆ ಅವಳ ಪುಟ ತೆರೆದೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು, ಒಂದು ಮಾತು ಕೇಳಿಬಿಡೋಣ ಅಂತ ಅಲ್ಲಿಂದಲೇ ಫೋನ್ ಮಾಡಿದೆ. ಹತ್ತು ವರ್ಷದ ಹಿಂದೆ ಕೇಳಿದ ಹಾಗಲ್ಲದೆ ಈ ಸಲ ಸರಿಯಾಗಿ.

ಈಗ ನಾನು ಮಾಡುವುದೆಲ್ಲಾ ಆ ಶನಿವಾರದ ಮೇಲೆ ಕಲಿತದ್ದು. ಬ್ಲಾಗಿನಲ್ಲಿ ಯಾರ ಹೆಸರೂ ಇಲ್ಲ, ಊರೂ ಇಲ್ಲ. ಮಕ್ಕಳು ತಾವೇ ಒಂದು ಹೆಸರು ಇಟ್ಟುಕೊಳ್ಳುತ್ತಾರೆ. ಈ ವರ್ಷ 'ಕೊನೇ ಬೆಂಚು', 'ಸೈಕಲ್ ರಾಣಿ', 'ಮುದ್ದೆ ವಿರೋಧಿ' ಇದ್ದಾರೆ. ಯಾರು ಯಾರು ಅನ್ನುವ ಪಟ್ಟಿ ನೋಟ್‌ಬುಕ್ಕಿನಲ್ಲಿ, ನೋಟ್‌ಬುಕ್ ಬೀರುವಿನಲ್ಲಿ, ಪಾಸ್‌ವರ್ಡಿನ ಕವರೂ ಅದರ ಪಕ್ಕದಲ್ಲೇ. ಎಚ್.ಎಂ. ಬದಲಾದಾಗ ಚಾರ್ಜ್ ಪಟ್ಟಿಯಲ್ಲಿ ಬರೆಸಿದೆ, 'ಬ್ಲಾಗ್ ಎರಡು'. ಗುಮಾಸ್ತರು ಯಾವ ಕಾಲಂಗೆ ಹಾಕಲಿ ಮೇಡಂ ಅಂದರು. ಪೀಠೋಪಕರಣದ ಕೆಳಗೆ ಹಾಕಿದ್ದಾರೆ. ತಂದೆತಾಯಿಯ ಸಹಿಯನ್ನೂ ತೆಗೆದುಕೊಳ್ಳುತ್ತೇನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರೆಲ್ಲಾ ಮಕ್ಕಳೇ ಅನ್ನುತ್ತದೆ, ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಒಳ್ಳೆಯದೇ. ಆದರೆ ಆ ಟಿವಿಎಸ್ ಬರಹಕ್ಕೆ ಒಪ್ಪಿಗೆ ಕೊಡಬೇಕಾಗಿದ್ದವರು ಆ ಟಿವಿಎಸ್ ಓಡಿಸುತ್ತಿದ್ದವರೇ ಅಲ್ವಾ? ಕಾಯ್ದೆ ಅಲ್ಲಿಗೆ ಬಂದು ಹುಣಸೆಮರದ ಹತ್ತಿರ ನಿಲ್ಲುತ್ತದೆ.

ನನಗೆ ಉಪಯೋಗಕ್ಕೆ ಬಂದದ್ದು ಟಿ.ಸಿ. ಕೊಡುವ ದಿನ. ಹತ್ತನೇ ಕ್ಲಾಸು ಮುಗಿಸಿದ ಪ್ರತಿಯೊಬ್ಬರೂ ಟಿ.ಸಿ.ಗೆ ಬರಲೇಬೇಕು. ಒಬ್ಬೊಬ್ಬರನ್ನೇ ಕೂರಿಸಿ, ಮೂರು ವರ್ಷದಲ್ಲಿ ಅವರು ಬರೆದದ್ದನ್ನು ತೋರಿಸಿ ಕೇಳುತ್ತೇನೆ: ಇಡಲಾ, ತೆಗೆಯಲಾ? ಜಾಸ್ತಿ ಜನ ಇರಲಿ ಬಿಡಿ ಮಿಸ್ ಅನ್ನುತ್ತಾರೆ. ಹುಡುಗರು ಎಂಟನೇ ಕ್ಲಾಸಿನಲ್ಲಿ ಬರೆದ ಪದ್ಯಗಳನ್ನು ಮಾತ್ರ ಕೈಮುಗಿದು ತೆಗೆಸುತ್ತಾರೆ. ಮೊನ್ನೆ ಒಬ್ಬಳು ಅರ್ಧ ಗಂಟೆ ಕೂತು ತನ್ನದನ್ನೆಲ್ಲಾ ಓದಿದಳು, ಏನೂ ಹೇಳದೆ ಟಿ.ಸಿ. ತೆಗೆದುಕೊಂಡು ಹೋದಳು. ಅವಳದ್ದನ್ನು ಸದ್ಯಕ್ಕೆ ಡ್ರಾಫ್ಟಿನಲ್ಲಿಟ್ಟಿದ್ದೇನೆ.

ಅರಸೀಕೆರೆಯ ಅಂಗಡಿಯಿಂದ ಫೋನ್ ಮಾಡಿದಾಗ ಅವಳು ಬಸ್ಸಿನಲ್ಲಿದ್ದಳು. ಆ ಸಂಬಂಧ ಕೂಡಿಬರಲಿಲ್ಲವಂತೆ. ಬರಹದಿಂದಲ್ಲ ಮಿಸ್, ಜಾತಕ ಅಂದಳು. ಹಾಗಾದರೆ ಇರಲಾ ಅಂದೆ. "ಬೇಡ, ತೆಗೀರಿ. ಅಪ್ಪ ಬಿಟ್ಟು ಆರು ವರ್ಷ ಆಯ್ತು. ಅಲ್ಲಿ ಮಾತ್ರ ಇನ್ನೂ ಕುಡೀತಾನೇ ಇದಾರೆ." ಸರಿ, ತೆಗೆಯುತ್ತೇನೆ ಅಂದೆ. "ಒಂದ್ನಿಮ್ಷ ಮಿಸ್. ತೆಗೆಯೋ ಮುಂಚೆ ನಂಗೊಂದು ಫೋಟೋ ಹೊಡೆದು ಕಳಿಸಿ. ಕೆಳಗಿನ ಕಾಮೆಂಟೂ ಬರೋ ಹಾಗೆ."

ನಾನು ಕೆಳಗೆ ಸರಿಸಿದೆ. ಒಂದೇ ಕಾಮೆಂಟ್ ಇತ್ತು. ಲ್ಯಾಬಿನಲ್ಲಿ ಕೂತು ಯಾರೋ ಹೆಸರು ಹಾಕದೆ ಬರೆದದ್ದು. 'ನಮ್ಮಪ್ಪಂದು ಎಂ80. ಅದು ಆಲದ ಮರದ ಹತ್ತಿರ ನಿಲ್ಲುತ್ತೆ.'

"ಅದು ಯಾರು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ ಮಿಸ್" ಅಂದಳು. "ಮೂರು ವರ್ಷ ಎಲ್ರ ಮುಖ ನೋಡ್ತಿದ್ದೆ. ನಿಮಗೆ ಗೊತ್ತಾ?"

ಆ ಕ್ಲಾಸಿನಲ್ಲಿ ಯಾರ ಮನೆಯಲ್ಲಿ ಎಂ80 ಇತ್ತು ಅಂತ ನನಗೆ ಗೊತ್ತು. ಇಲ್ಲ ಕಣೇ ಅಂದೆ.